ಏಳು ಕಿಲೋ ನಾನೂರು ಗ್ರಾಂ

ನನ್ನ ಮಗಳು ಭಾರ ಎತ್ತಲು ಶುರುಮಾಡಿ ಆರು ವರ್ಷವಾಯಿತು. ಮೊದಲ ವರ್ಷ ವಾರವಾರವೂ ತೂಕ ಏರಿಸುತ್ತಿದ್ದಳು. ಈಗ ಎರಡೂವರೆ ಕಿಲೋ ಹೆಚ್ಚಿಸಬೇಕಾದರೆ ತಿಂಗಳುಗಟ್ಟಲೆ ಒದ್ದಾಟ. ಪಳಗಿದವರ ಪಾಡೇ ಅದು. ಡಬ್ಬಿ ಮಾರುವವರಿಗೆ ಬೇಕಾದದ್ದೂ ಈ ಒದ್ದಾಟವೇ.

ಮೊನ್ನೆ ಅವಳು ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಎಚ್‌ಎಂಬಿ ಡಬ್ಬಿ ತರಿಸಲು ಹೊರಟಳು. ನಾನು ಬೇಡವೆಂದೆ. "ನಿಂಗೇನು ಗೊತ್ತಮ್ಮಾ, ಸಂಶೋಧನೆ ಆಗಿದೆ" ಎಂದು ಯಾರೋ ಕೊಟ್ಟ ಹಾಳೆಗಳನ್ನು ತಂದು ಮುಂದಿಟ್ಟಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವಳು ನಾನು. ಕನ್ನಡಕ ಹಾಕಿಕೊಂಡು ಕೂತೆ.

2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಅದು. ಹಾಲು, ಬೇಳೆಯ ಪ್ರೋಟೀನಿನಲ್ಲಿರುವ ಲ್ಯೂಸಿನ್ ನಮ್ಮ ದೇಹದಲ್ಲಿ ಒಡೆದಾಗ ಒಂದಿಷ್ಟು ಎಚ್‌ಎಂಬಿ ತಾನಾಗಿಯೇ ಹುಟ್ಟುತ್ತದೆ. ಅದನ್ನು ದಿನಕ್ಕೆ 3 ಗ್ರಾಂ ಹೊರಗಿನಿಂದ ತೆಗೆದುಕೊಂಡ ಅನುಭವಿ ಲಿಫ್ಟರುಗಳು 12 ವಾರದಲ್ಲಿ, ಕೊಬ್ಬನ್ನು ಬಿಟ್ಟು, 7.4 ಕಿಲೋ ಮೈ ಬೆಳೆಸಿದರಂತೆ! ಅದೇ ಎಂದು ನಂಬಿಸಿ ಬೇರೇನೋ ಕೊಟ್ಟ ಗುಂಪಿನವರದು 2.1 ಕಿಲೋ. ಅಂದರೆ ವಾರಕ್ಕೆ 600 ಗ್ರಾಮಿನ ಮೇಲೆ. ಬಸುರಿ ಹೆಂಗಸು ಕೂಡ ಸಾಮಾನ್ಯವಾಗಿ ವಾರಕ್ಕೆ ಅರ್ಧ ಕಿಲೋ ದಾಟುವುದಿಲ್ಲವಲ್ಲ, ಅದೂ ಹೊಟ್ಟೆಯಲ್ಲಿ ಮಗು ಬೆಳೆಯುವಾಗ!

ಇಷ್ಟು ದೊಡ್ಡ ಮಾತು ನಿಂತಿರುವುದು ಸುಮಾರು ಇಪ್ಪತ್ತು ಜನರ ಮೇಲೆ. ಎಲ್ಲರೂ ಗಂಡಸರು. "ನಿನ್ನಂಥವಳು ಒಬ್ಬಳೂ ಇಲ್ಲವಲ್ಲೇ ಇದರಲ್ಲಿ" ಎಂದೆ. ಮಗಳು ಮುಖ ಊದಿಸಿಕೊಂಡು ಒಳಗೆ ಹೋದಳು.

ಆದರೂ ಎರಡು ದಿನ ಬಿಟ್ಟು ತಾನೇ ಹುಡುಕಿ ಓದಿದಳು. ಈ ಅಂಕಿಗಳನ್ನು ನಂಬುವುದು ಕಷ್ಟವೆಂದು ಬೇರೆ ವಿಜ್ಞಾನಿಗಳು 2017ರಲ್ಲಿ ಬರೆದಿದ್ದರು. ಪಳಗಿದವರ ಮೇಲೆಯೇ ನಡೆದ ನಂತರದ ಪರೀಕ್ಷೆಗಳಲ್ಲಿ ಅಂಥ ಫಲವೂ ಸಿಕ್ಕಿರಲಿಲ್ಲ. ಮೊದಲ ಹಾಳೆ ಕೊಟ್ಟವರು ಇದನ್ನೇಕೆ ಕೊಡಲಿಲ್ಲವೋ!

ಎಲ್ಲ ಪುಡಿಯೂ ಮೋಸವೆಂದು ನಾನು ಹೇಳುತ್ತಿಲ್ಲ. ಕ್ರಿಯಾಟಿನ್ ಹತ್ತಾರು ಪರೀಕ್ಷೆಗಳನ್ನು ದಾಟಿ ಬಂದಿದೆ. ಮಾಂಸ ತಿನ್ನದ ನಮ್ಮಂಥವರ ಸ್ನಾಯುಗಳಲ್ಲಿ ಅದು ಕಡಿಮೆಯೇ ಇರುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಸಾಕು. ಸ್ನಾಯುಗಳಲ್ಲಿ ಒಂದಿಷ್ಟು ನೀರೂ ತುಂಬುವುದರಿಂದ ತಕ್ಕಡಿ ಮೊದಲ ವಾರವೇ ಖುಷಿಪಡಿಸುತ್ತದೆ. ಅದಕ್ಕೆ ಮರುಳಾಗಬಾರದಷ್ಟೆ.

ಕೊನೆಗೆ ಅವಳು ತಂದದ್ದು ಕ್ರಿಯಾಟಿನ್. ಉಳಿದ ದುಡ್ಡಿನಲ್ಲಿ ಸೊಂಟಕ್ಕೊಂದು ಚರ್ಮದ ಬೆಲ್ಟು. ಹೋದ ಶನಿವಾರ ಎರಡೂವರೆ ಕಿಲೋ ಏರಿಸಿ ಬಂದಳು. ಪುಡಿಯಿಂದಲೋ ಬೆಲ್ಟಿನಿಂದಲೋ ಎಂದು ಕೇಳಿದೆ.

"ಗೊತ್ತಿಲ್ಲಮ್ಮಾ" ಎಂದಳು.