ಕೊನೆಯ ನಿಮಿಷಕ್ಕೆ ಎದ್ದುಹೋಗಬೇಡಿ

ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೊಂದು ಆನಿಮೇಷನ್ ಚಿತ್ರ ಹಾಕಿಕೊಟ್ಟು ದೊಡ್ಡವರು ತಂತಮ್ಮ ಕೆಲಸಕ್ಕೆ ಎದ್ದುಹೋಗುವುದು ಎಲ್ಲ ಮನೆಗಳ ರೂಢಿ. ಹಾಗೆ ಎದ್ದುಹೋಗಬಹುದಾದ ಚಿತ್ರಗಳು ಬೇಕಾದಷ್ಟಿವೆ. ಈ ವಾರ ಹೇಳಹೊರಟಿರುವುದು ಎದ್ದುಹೋಗಬಾರದ ಒಂದು ಚಿತ್ರದ ಬಗ್ಗೆ: 1982ರ ಬ್ರಿಟಿಷ್ ಚಿತ್ರ ‘ದಿ ಸ್ನೋಮ್ಯಾನ್’. ಅವಧಿ 26 ನಿಮಿಷ. ನಾಲ್ಕು ವರ್ಷದ ಮಗುವೂ ಕೂತು ನೋಡಬಲ್ಲಷ್ಟು ಚಿಕ್ಕದು. ಆದರೆ ಅದರ ಕೊನೆಯ ಒಂದು ನಿಮಿಷದಲ್ಲಿ ಮಗುವಿನ ಪಕ್ಕ ಯಾರಾದರೂ ಇರಲೇಬೇಕು.

ಕತೆ ಸರಳ. ಇಂಗ್ಲೆಂಡಿನ ಹಳ್ಳಿಗಾಡಿನ ಮನೆಯೊಂದರಲ್ಲಿ ಜೇಮ್ಸ್ ಎಂಬ ಹುಡುಗ ಬೆಳಿಗ್ಗೆ ಎದ್ದು ನೋಡಿದರೆ ಹೊರಗೆಲ್ಲ ಹಿಮ. ದಿನವಿಡೀ ಹಿಮ ಒಟ್ಟಿ, ಉರುಳಿಸಿ, ತಟ್ಟಿ ಒಬ್ಬ ಹಿಮದ ಮನುಷ್ಯನನ್ನು ಮಾಡುತ್ತಾನೆ. ಹಳೆಯ ಹ್ಯಾಟು ಇಟ್ಟು, ಕೊರಳಿಗೆ ಸ್ಕಾರ್ಫು ಸುತ್ತುತ್ತಾನೆ. ನಡುರಾತ್ರಿ ಅವನಿಗೆ ಜೀವ ಬರುತ್ತದೆ. ಇಬ್ಬರೂ ಮನೆಯೊಳಗೆ ಆಡುತ್ತಾರೆ, ಮೋಟಾರ್ ಸೈಕಲ್ ಹತ್ತುತ್ತಾರೆ, ಆಮೇಲೆ ಕೈಕೈ ಹಿಡಿದು ಆಕಾಶಕ್ಕೇ ಹಾರುತ್ತಾರೆ. ಬೆಳಗಾಗುತ್ತದೆ, ಬಿಸಿಲು ಬರುತ್ತದೆ.

ಆರಂಭದಲ್ಲಿ ಕೇಳುವ ಒಂದೆರಡು ವಾಕ್ಯ ಬಿಟ್ಟರೆ ಇಡೀ ಚಿತ್ರದಲ್ಲಿ ಯಾರೂ ಮಾತನಾಡುವುದಿಲ್ಲ. ನಮ್ಮ ಮಕ್ಕಳಿಗೆ ಇದೊಂದು ದೊಡ್ಡ ಉಪಕಾರ. ಕ್ರಿಸ್‌ಮಸ್ ಚಿತ್ರಗಳ ಇಂಗ್ಲಿಷ್ ಮಾತಿನ ಓಟಕ್ಕೆ ಸಿಕ್ಕಿ, ಅರ್ಧ ಅರ್ಥವಾಗಿ ಅರ್ಧ ಆಗದೆ, ಅಮ್ಮನ ಮುಖ ನೋಡುತ್ತ ಕೂರುವ ಮಗು ಇಲ್ಲಿ ಯಾರ ಮುಖವನ್ನೂ ನೋಡಬೇಕಿಲ್ಲ. ಹಾವೇರಿಯ ಮಗುವಿಗೂ ಲಂಡನ್ನಿನ ಮಗುವಿಗೂ ಚಿತ್ರ ಒಂದೇ ಸಮ ತೆರೆದುಕೊಳ್ಳುತ್ತದೆ. ತೊಂದರೆ ಕೊಡುವವರು ನಾವು. ಪರದೆಯಲ್ಲಿ ಮಾತಿಲ್ಲದ್ದು ಕಂಡೊಡನೆ ದೊಡ್ಡವರ ಬಾಯಿ ಶುರುವಾಗುತ್ತದೆ: ‘ನೋಡು ಪುಟ್ಟಾ, ಈಗ ಅವನು ಏಳ್ತಾನೆ’, ‘ನೋಡು, ಹ್ಯಾಟ್ ಹಾಕ್ಕೊಂಡ’. ದಯವಿಟ್ಟು ಸುಮ್ಮನಿರಿ. ಮಗುವಿಗೆ ಅದೆಲ್ಲ ಕಾಣುತ್ತಿದೆ. ನಿಮಗಿಂತ ಹೆಚ್ಚೇ ಕಾಣುತ್ತಿದೆ.

ಮನೆಯೊಳಗಿನ ದೃಶ್ಯಗಳನ್ನೇ ನೋಡಿ. ಬೆಂಕಿಗೂಡಿನ ಮುಂದೆ ಬಂದ ಹಿಮದ ಮನುಷ್ಯನಿಗೆ ಕಸಿವಿಸಿಯಾಗುತ್ತದೆ. ಮೋಟಾರ್ ಸೈಕಲ್ಲಿನ ಎಂಜಿನ್ ಕಾದು ಕಾಲು ಕರಗತೊಡಗಿದಾಗ ಗ್ಯಾರೇಜಿನ ಫ್ರೀಜರಿನೊಳಗೆ ಮಲಗಿ ಸುಧಾರಿಸಿಕೊಳ್ಳುತ್ತಾನೆ. ನಾವು ಇದನ್ನು ತಮಾಷೆ ಎಂದು ನೋಡುತ್ತೇವೆ, ತಮಾಷೆಯೂ ಹೌದು. ಆದರೆ ನಿರ್ದೇಶಕಿ ಡಯಾನ್ ಜ್ಯಾಕ್ಸನ್ ನಗಿಸುತ್ತಲೇ ಮಗುವಿಗೆ ಒಂದು ನಿಯಮ ಹೇಳಿಕೊಡುತ್ತಿದ್ದಾರೆ: ಬಿಸಿ ತಾಗಿದರೆ ಇವನು ಉಳಿಯುವುದಿಲ್ಲ. ಕೊನೆಯಲ್ಲಿ ಆಗುವುದಕ್ಕೆ ತಯಾರಿ ಇಲ್ಲೇ ನಡೆದುಹೋಗುತ್ತದೆ. ನನ್ನ ತಂಗಿಯ ಐದು ವರ್ಷದ ಮಗ ಬೆಂಕಿಯ ದೃಶ್ಯದಲ್ಲೇ ನನ್ನ ತೋಳು ಹಿಡಿದು, ‘ದೊಡ್ಡಮ್ಮ, ಅವ್ನು ಅಲ್ಲಿಗೆ ಹೋಗ್ಬಾರ್ದು, ಹೇಳು!’ ಎಂದಿದ್ದ. ಯಾರೂ ಅವನಿಗೆ ಏನನ್ನೂ ವಿವರಿಸಿರಲಿಲ್ಲ.

ಇನ್ನು ಚಿತ್ರದ ಮೈ. ಆ ಕಾಲದ ಆನಿಮೇಷನ್ನಿನಲ್ಲಿ ಪಾರದರ್ಶಕ ಸೆಲ್ ಹಾಳೆಯ ಮೇಲೆ ಕಪ್ಪು ಗೆರೆ ಎಳೆದು, ಹಿಂಬದಿಯಲ್ಲಿ ಒಂದೇ ಸಮನಾದ ಬಣ್ಣ ತುಂಬುವುದು ವಾಡಿಕೆ. ರೇಮಂಡ್ ಬ್ರಿಗ್ಸ್ 1978ರಲ್ಲಿ ಮಾಡಿದ ಮೂಲ ಚಿತ್ರಪುಸ್ತಕದಲ್ಲಿ ಅಂಥ ಗಟ್ಟಿ ಗೆರೆಯೇ ಇಲ್ಲ; ಇಡೀ ಪುಸ್ತಕ ಬಣ್ಣದ ಪೆನ್ಸಿಲಿನ ಮೆದು ತೀಡಿಕೆಯಲ್ಲಿದೆ. ಆ ಮೆದುತನವನ್ನು ಬಿಟ್ಟುಕೊಡಲು ಚಿತ್ರದ ತಂಡ ಒಪ್ಪಲಿಲ್ಲ. ಸೆಲ್ ಹಾಳೆಗಳ ಮೇಲೇ ಕ್ರೇಯಾನು, ಪೇಸ್ಟಲ್ ಹಿಡಿದು ಕೈಯಲ್ಲಿ ತೀಡಿದರು. ಎಷ್ಟೇ ನುರಿತ ಕೈಯಾದರೂ ಒಂದು ಹಾಳೆಯ ತೀಡಿಕೆ ಮುಂದಿನದರಲ್ಲಿ ಹಾಗೇ ಮೂಡುವುದಿಲ್ಲ. ಹಾಗಾಗಿ ಹಿಮದ ಮನುಷ್ಯ ಅಲುಗಾಡದೆ ನಿಂತಾಗಲೂ ಅವನ ಮೈಮೇಲಿನ ಬಣ್ಣ ಸಣ್ಣಗೆ ಮಿಡಿಯುತ್ತಲೇ ಇರುತ್ತದೆ. ಇಂದಿನ ಕಂಪ್ಯೂಟರ್ ಚಿತ್ರಗಳ ನುಣುಪಿಗೆ ಒಗ್ಗಿದ ಕಣ್ಣಿಗೆ ಇದು ಮೊದಲು ವಿಚಿತ್ರವೆನಿಸಬಹುದು. ಕ್ರೇಯಾನು ಹಿಡಿದು ಗೋಡೆ ಗೀಚುವ ವಯಸ್ಸಿನವರಿಗೆ ಹಾಗನಿಸುವುದಿಲ್ಲ. ಇದು ತಮ್ಮದೇ ಕೈಯ ಕೆಲಸ ಎಂದು ಅವರು ಗುರುತಿಸುತ್ತಾರೆ. ಚಿತ್ರ ಮುಗಿದ ಮೇಲೆ ಕಾಗದ, ಬಣ್ಣ ಕೈಗೆ ಸಿಗುವಂತಿಟ್ಟು ನೋಡಿ.

ಸಂಗೀತ ಹವರ್ಡ್ ಬ್ಲೇಕ್ ಅವರದು. ಮಾತಿಲ್ಲದ ಕಡೆ ವಾದ್ಯಗಳೇ ನಡೆಯುತ್ತವೆ, ಕಳ್ಳಹೆಜ್ಜೆ ಇಡುತ್ತವೆ, ಬೆಚ್ಚುತ್ತವೆ. ಹಾರುವ ಘಳಿಗೆ ಬಂದಾಗ ಚಿತ್ರದ ಒಂದೇ ಒಂದು ಹಾಡು ‘ವಾಕಿಂಗ್ ಇನ್ ದಿ ಏರ್’ ಕೇಳುತ್ತದೆ. ಇದನ್ನು ಹಾಡಿದ್ದು ಆಲೆಡ್ ಜೋನ್ಸ್ ಎಂದು ಬಹಳ ಜನ ನಂಬಿದ್ದಾರೆ. ಅವರ ಧ್ವನಿಮುದ್ರಿಕೆ ಬಂದದ್ದು 1985ರಲ್ಲಿ, ಆಗ ಬ್ರಿಟನ್ನಿನಲ್ಲಿ ಅದು ದೊಡ್ಡ ಹೆಸರು ಮಾಡಿತು. ಚಿತ್ರದಲ್ಲಿರುವ ದನಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಗಾಯಕವೃಂದದಲ್ಲಿದ್ದ ಬಾಲಕ ಪೀಟರ್ ಆಟಿಯದು. ಮೊದಲ ಪ್ರತಿಗಳಲ್ಲಿ ಅವನ ಹೆಸರನ್ನೂ ಹಾಕಿರಲಿಲ್ಲ. ಆ ಹುಡುಗನ ಹೆಸರು ಹೇಳದೆ ಈ ಚಿತ್ರದ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ಹಾರುವ ದಾರಿಯಲ್ಲಿ ಸಸೆಕ್ಸಿನ ಗುಡ್ಡಗಳನ್ನು ದಾಟಿ ಬ್ರೈಟನ್ ಪಟ್ಟಣ ಬರುತ್ತದೆ. ಬ್ರಿಗ್ಸ್ ಆ ಸೀಮೆಯಲ್ಲೇ ಬಾಳಿದವರು, ಬ್ರೈಟನ್ನಿನ ಕಲಾಶಾಲೆಯಲ್ಲಿ ಪಾಠ ಹೇಳಿದವರು. ಅಲ್ಲಿ ಒಂದು ಕ್ಷಣ ಗುಮ್ಮಟಗಳ ಅರಮನೆಯೊಂದು ಕಾಣುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕಂಡು ಮಕ್ಕಳು ‘ಮೈಸೂರು ಅರಮನೆ!’ ಎಂದು ಕೂಗಿದ್ದರು. ತೀರಾ ತಪ್ಪೇನಲ್ಲ. ಅದು ರಾಯಲ್ ಪೆವಿಲಿಯನ್, 1815ರಿಂದ 1822ರವರೆಗೆ ವಾಸ್ತುಶಿಲ್ಪಿ ಜಾನ್ ನ್ಯಾಶ್ ಭಾರತದ ಕಟ್ಟಡಗಳ ಮಾದರಿ ಹಿಡಿದು ಬೆಳೆಸಿದ ಅರಮನೆ. ಸುಮಾರು ನೂರು ವರ್ಷದ ನಂತರ, 1912ರಲ್ಲಿ ಮುಗಿದ ನಮ್ಮ ಮೈಸೂರು ಅರಮನೆಯ ನಕ್ಷೆ ಬರೆದ ಹೆನ್ರಿ ಇರ್ವಿನ್ ಅಂಥದೇ ಬೆರಕೆ ಶೈಲಿಯಲ್ಲಿ ಕೆಲಸ ಮಾಡಿದವರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಈ ಪೆವಿಲಿಯನ್ ಆಸ್ಪತ್ರೆಯಾಗಿತ್ತು. ಇದೆಲ್ಲ ಮಕ್ಕಳಿಗೆ ಆಮೇಲೆ, ಊಟದ ಹೊತ್ತಿಗೆ ಹೇಳಿದರಾಯಿತು.

ಮೂಲ ಪುಸ್ತಕದಲ್ಲಿ ಕ್ರಿಸ್‌ಮಸ್ ಇಲ್ಲವೇ ಇಲ್ಲ. ಉತ್ತರಧ್ರುವದ ಪಯಣ, ಹಿಮದ ಮನುಷ್ಯರ ಕುಣಿತ, ಜೇಮ್ಸನಿಗೆ ಸ್ಕಾರ್ಫು ಕೊಡುವ ಕ್ರಿಸ್‌ಮಸ್ ತಾತ, ಎಲ್ಲ ಚಿತ್ರಕ್ಕಾಗಿ ಸೇರಿಸಿದ್ದು. 1982ರ ಡಿಸೆಂಬರ್ 26ರಂದು, ಶುರುವಾಗಿ ಎರಡು ತಿಂಗಳೂ ತುಂಬದಿದ್ದ ಚಾನೆಲ್ 4ರಲ್ಲಿ ಚಿತ್ರ ಪ್ರಸಾರವಾಯಿತು. ಬ್ರಿಟನ್ನಿನ ಮನೆಗಳಲ್ಲಿ ಈಗ ಇದಿಲ್ಲದೆ ಹಬ್ಬವಿಲ್ಲ. ಕುಣಿತದ ಭಾಗ ನನಗೆ ಕೊಂಚ ಉದ್ದವೆನಿಸುತ್ತದೆ. ಮಕ್ಕಳಿಗೆ ಎಂದೂ ಹಾಗನಿಸಿದ್ದು ಕಂಡಿಲ್ಲ. ಅವರು ಎದ್ದು ಕುಣಿಯುತ್ತಾರೆ, ಕುಣಿಯಲಿ.

ಆಮೇಲೆ ಆ ಬೆಳಗು. ಹುಡುಗ ಹೊರಗೆ ಓಡಿಬರುತ್ತಾನೆ. ಹ್ಯಾಟು ಇದೆ, ಸ್ಕಾರ್ಫು ಇದೆ, ಅವನಿಲ್ಲ. ಜೇಬಿಗೆ ಕೈ ಹಾಕಿದರೆ ರಾತ್ರಿ ಸಿಕ್ಕಿದ ಸ್ಕಾರ್ಫು ಕೈಗೆ ಬರುತ್ತದೆ. ಕನಸಲ್ಲ, ನಡೆದದ್ದೇ. ಹುಡುಗ ಮಂಡಿಯೂರಿ ಕೂರುತ್ತಾನೆ, ಚಿತ್ರ ಮುಗಿಯುತ್ತದೆ.

ಇಲ್ಲಿ ಅನೇಕ ಮಕ್ಕಳು ಅಳುತ್ತಾರೆ. ಅಳು ಬಂದೀತೆಂದು ಆ ನಿಮಿಷಕ್ಕೆ ಮೊದಲೇ ಟಿವಿ ಆರಿಸುವವರಿದ್ದಾರೆ, ‘ನಾಳೆ ಮತ್ತೆ ಬರ್ತಾನೆ ಬಿಡು’ ಎಂದು ಸಮಾಧಾನ ಹೇಳುವವರಿದ್ದಾರೆ. ಎರಡೂ ಬೇಡ. ಬ್ರಿಗ್ಸ್ ಅವರ ತಂದೆ ತಾಯಿ ಇಬ್ಬರೂ ತೀರಿಕೊಂಡದ್ದು 1971ರಲ್ಲಿ, ಹೆಂಡತಿ ಜೀನ್ ರಕ್ತದ ಕ್ಯಾನ್ಸರಿನಿಂದ ಹೋದದ್ದು 1973ರಲ್ಲಿ. ಅದಾಗಿ ಐದು ವರ್ಷಕ್ಕೆ ಈ ಪುಸ್ತಕ. ಹೂವು, ಪ್ರಾಣಿ, ಹೆತ್ತವರು, ಎಲ್ಲವೂ ಸಾಯುವಂತೆ ಹಿಮದ ಮನುಷ್ಯ ಕರಗುತ್ತಾನೆ, ಅದರಲ್ಲಿ ಖಿನ್ನರಾಗುವಂಥದ್ದೇನಿಲ್ಲ ಎಂಬರ್ಥದ ಮಾತನ್ನು ಅವರು ಸಂದರ್ಶನವೊಂದರಲ್ಲಿ ಹೇಳಿದ್ದರು. ಅವರು ಇಷ್ಟು ನೇರವಾಗಿ ಮಕ್ಕಳ ಮುಂದೆ ಇಟ್ಟಿದ್ದನ್ನು ನಾವು ಸುಳ್ಳು ಹೇಳಿ ಹಾಳು ಮಾಡಬಾರದು. ಅಳುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ‘ಹೌದು ಕಂದ, ಕರಗಿಹೋದ’ ಎನ್ನಿ. ಅಷ್ಟು ಸಾಕು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಹೋಗಿ ಹೆಚ್ಚು ದಿನವಾಗಿರದಿದ್ದರೆ ಮಗುವೇ ಆ ಮಾತು ತೆಗೆದೀತು. ಆಗ ಅಡುಗೆಮನೆಯ ಕೆಲಸ ಕಾಯಲಿ.

ಒಂದು ಮಾತು ಬಾಕಿ ಇದೆ. 2012ರಲ್ಲಿ ‘ದಿ ಸ್ನೋಮ್ಯಾನ್ ಅಂಡ್ ದಿ ಸ್ನೋಡಾಗ್’ ಎಂಬ ಮುಂದಿನ ಚಿತ್ರ ಬಂತು. ಮೊದಲ ಚಿತ್ರದ ನಿರ್ಮಾಪಕ ಜಾನ್ ಕೋಟ್ಸ್ ಅದೇ ವರ್ಷ ತೀರಿಕೊಂಡಿದ್ದರಿಂದ ಅದು ಅವರಿಗೇ ಅರ್ಪಣೆಯಾಗಿದೆ. ಕೈಯಲ್ಲೇ ಬರೆದ ಚೆಂದದ ಚಿತ್ರ. ಆದರೆ ಅದರಲ್ಲಿ ಹಿಮದ ನಾಯಿ ಕರಗದೆ ನಿಜವಾದ ನಾಯಿಯಾಗಿ ಹುಡುಗನ ಜೊತೆ ಉಳಿದುಬಿಡುತ್ತದೆ. ಎರಡನ್ನೂ ಒಂದೇ ಸಂಜೆ ತೋರಿಸಬೇಡಿ. ನಡುವೆ ಒಂದು ವಾರವಾದರೂ ಇರಲಿ.