ಕಾಂತಾರದ ದೈವ ಮತ್ತು ನಮ್ಮೂರಿನ ಅರ್ಜಿ

ರಿಷಬ್ ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ತೆರೆಕಂಡಿತು. ಎರಡು ವಾರ ಕಳೆಯುವ ಹೊತ್ತಿಗೆ ತೆಲುಗು, ಹಿಂದಿಗಳಿಗೂ ಹೋಗಿ ದೇಶವೆಲ್ಲ ನೋಡುವ ಸಿನೆಮಾ ಆಯಿತು. ನಟನೆಗಾಗಿ ರಿಷಬ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು. ಈ ಚಿತ್ರದ ಬಗ್ಗೆ ನಡೆದ ಚರ್ಚೆಯೆಲ್ಲ ಹೆಚ್ಚಾಗಿ ದೈವದ ಸುತ್ತಲೇ ಸುತ್ತಿತು. ದೈವ ಯಾರಿಗೆ ಸೇರಿದ್ದು, ವೇಷ ಕಟ್ಟಬಹುದೇ, ಕೂಗು ಅನುಕರಿಸಬಹುದೇ ಎಂದು ವಾದಗಳಾದವು. ಆದರೆ ಕಥೆಯ ನಡುವೆ ಇರುವುದು ಜಮೀನು. ಕಾಡಂಚಿನ ಒಂದಿಷ್ಟು ಬಡವರು ತಾವು ಉಳುವ ನೆಲ ಯಾರದ್ದು ಎಂದು ಕೇಳುವ ಕಥೆ ಅದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ನಮಗೆ ಈ ಪ್ರಶ್ನೆ ಹೊಸದಲ್ಲ. ಆದುದರಿಂದ ಈ ಸಿನೆಮಾವನ್ನು ನಮ್ಮ ಮೂರು ತಾಲೂಕುಗಳಲ್ಲಿ ನಿಂತು ನೋಡಬೇಕೆಂದು ನಮಗೆ ಅನ್ನಿಸಿತು.

ಕಥೆ ಸರಳ. 1847ರಲ್ಲಿ ಒಬ್ಬ ಅರಸ ಮನಃಶಾಂತಿಗಾಗಿ ಕಾಡಿನವರ ಪಂಜುರ್ಲಿಯ ಕಲ್ಲನ್ನು ಪಡೆದು, ಬದಲಿಗೆ ಅವರಿಗೆ ಭೂಮಿ ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶಜನೊಬ್ಬ ಆ ಭೂಮಿಯನ್ನು ವಾಪಸು ಕೇಳಿ, ಕೋರ್ಟಿನ ಮೆಟ್ಟಿಲ ಮೇಲೆ ರಕ್ತ ಕಾರಿ ಸಾಯುತ್ತಾನೆ. 1990ರಲ್ಲಿ ಅರಣ್ಯಾಧಿಕಾರಿ ಮುರಳಿ ಅದೇ ಊರಿಗೆ ಬೇಲಿ ಹಾಕಲು ಬರುತ್ತಾನೆ. ಊರಿನ ಧಣಿ ದೇವೇಂದ್ರ ಮಾತ್ರ ಬಡವರ ಬೆನ್ನಿಗೆ ನಿಂತವನಂತೆ ಕಾಣುತ್ತಾನೆ. ಕೊನೆಗೆ ತಿಳಿಯುವುದೇನೆಂದರೆ, ಬೇಲಿ ಹಾಕಲು ಬಂದವನು ಶತ್ರುವಲ್ಲ, ಊಟ ಹಾಕಿದವನೇ ಕಳ್ಳ.

ಚಿತ್ರದ ನಿಜವಾದ ಬಲ ಇರುವುದು ಇಲ್ಲಿಯೇ. ಹಳ್ಳಿಯ ಭ್ರಷ್ಟ ನಾಯಕನನ್ನು ನಮ್ಮ ಸಿನೆಮಾಗಳು ಮೀಸೆ ತಿರುವುವ ರಾಕ್ಷಸನನ್ನಾಗಿ ತೋರಿಸುವುದೇ ಹೆಚ್ಚು. ಅಚ್ಯುತ್ ಕುಮಾರ್ ಮಾಡಿದ ದೇವೇಂದ್ರ ಹಾಗಿಲ್ಲ. ಅವನು ಮೆತ್ತಗೆ ಮಾತನಾಡುತ್ತಾನೆ, ಹೆಗಲ ಮೇಲೆ ಕೈ ಹಾಕುತ್ತಾನೆ, ಹಣ ಕೊಡುತ್ತಾನೆ. ಅಂಥವರನ್ನು ನಾವು ಬಲ್ಲೆವು. ಚುನಾವಣೆಗೆ ಮುಂಚೆ 'ಪಟ್ಟಾ ಮಾಡಿಸಿಕೊಡುತ್ತೇವೆ' ಎಂದು ಮನೆಮನೆಗೆ ಬಂದು, ಆಮೇಲೆ ಕಚೇರಿಯ ಬಾಗಿಲಲ್ಲೂ ಸಿಗದವರು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಗಾರ್ಡಿನ ಮೇಲೆ ನಮಗಿರುವ ಸಿಟ್ಟು ಇವರ ಪಾಲಿಗೆ ಬಂಡವಾಳ. ಇದನ್ನು ಕಾಂತಾರ ಚೆನ್ನಾಗಿ ಹಿಡಿದಿದೆ.

ಆದರೆ ಹಳ್ಳಿಯವರು ಏನು ಮಾಡಿದರು ಎಂಬ ಪ್ರಶ್ನೆಗೆ ಚಿತ್ರದ ಉತ್ತರ ತೀರಾ ಬಡವಾದದ್ದು. ಅವರು ಒಂದು ಕಡೆ ಕುಳಿತು ಯೋಚಿಸುವುದಿಲ್ಲ, ಕಾಗದ ಹುಡುಕುವುದಿಲ್ಲ. ನಾಯಕನ ಮೈಮೇಲೆ ಗುಳಿಗ ಬಂದು ಲೆಕ್ಕ ಚುಕ್ತಾ ಮಾಡುತ್ತಾನೆ, ಆಮೇಲೆ ಅಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಸೇರಿಸಿ ಕಾಡಿನಲ್ಲಿ ಮರೆಯಾಗುತ್ತಾನೆ. ಭೂಮಿ ಯಾರ ಹೆಸರಿಗಾಯಿತು ಎಂದು ಯಾರೂ ಕೇಳುವುದಿಲ್ಲ.

ಇದು ಕನ್ನಡ ಸಿನೆಮಾದ ಹಳೆಯ ರೂಢಿಯೂ ಹೌದು. ಸಿದ್ದಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' (1974) ಚಿತ್ರದಲ್ಲಿ ಸತ್ತ ಭೂತಯ್ಯನ ಹೆಣ ಹೊರಲು ಊರು ಮುಂದೆ ಬರುವುದಿಲ್ಲ. ಅದು ಕನ್ನಡ ತೆರೆಯ ಮೇಲಿನ ಒಂದು ದೊಡ್ಡ ಅಸಹಕಾರ. ಆದರೆ ಬಿಡುಗಡೆ ಬರುವುದು ಮಗ ಅಯ್ಯುವಿನ ಮನಸ್ಸು ಬದಲಾದಾಗ. ಎಂ.ಎಸ್. ಸತ್ಯು ಅವರ 'ಬರ' (1982) ಇನ್ನೂ ಗಂಭೀರ ಚಿತ್ರ. ಅಲ್ಲಿ ರಾಜಕಾರಣಿಗಳೊಡನೆ ಸೆಣಸುವವನು ಪ್ರಾಮಾಣಿಕ ಜಿಲ್ಲಾಧಿಕಾರಿ. ಒಮ್ಮೆ ಧಣಿಯ ಮಗ, ಒಮ್ಮೆ ಅಧಿಕಾರಿ, ಈಗ ದೈವ. ಊರು ಮಾತ್ರ ಮೂರರಲ್ಲಿಯೂ ಕಾಯುತ್ತಲೇ ಇದೆ.

ನಮ್ಮ ಮೂರು ತಾಲೂಕುಗಳ ಚರಿತ್ರೆ ಹೀಗಿಲ್ಲ. 1930ರ ದಶಕದ ಆರಂಭದಲ್ಲಿ, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಸಿದ್ದಾಪುರ ಮತ್ತು ಅಂಕೋಲಾದ ರೈತರು ಕರ ಕೊಡುವುದಿಲ್ಲವೆಂದರು. ಸರಕಾರ ಅವರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಹಾಗೆ ಕೊಂಡವರ ಮನೆ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತರು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯವರು ಕಳಾಸೆ ಕಾಡಿಗೆ ನಡೆದು ಹೋಗಿ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿ. ಈ ಎರಡರಲ್ಲಿಯೂ ಯಾರ ಮೈಮೇಲೂ ಏನೂ ಬಂದಿರಲಿಲ್ಲ. ಸಾಮಾನ್ಯ ಜನ ಹೆದರುತ್ತಲೇ ಒಟ್ಟಾಗಿದ್ದರು. ಇಂಥ ಕಥೆ ದೊಡ್ಡ ತೆರೆಗೆ ಬರದೇ ಹೋದದ್ದು ನಮ್ಮ ಸಿನೆಮಾದ ನಷ್ಟ.

ಇಲ್ಲಿ ಒಂದು ಮಾತು. ನಂಬಿಕೆಯನ್ನು ಅಣಕಿಸುವುದು ನಮ್ಮ ಉದ್ದೇಶವಲ್ಲ. ಮುಸ್ಲಿಂ ಮೂಲದ್ದೆಂದು ಪಾಡ್ದನಗಳು ಹೇಳುವ ಬೊಬ್ಬರ್ಯನನ್ನು ಮೊಗವೀರರು ಆರಾಧಿಸುವ ಕರಾವಳಿಯಲ್ಲಿ ದೈವವೆಂದರೆ ನ್ಯಾಯಕ್ಕೂ ನೆರೆಹೊರೆಗೂ ಒಂದು ಹೆಸರು. ಅನ್ಯಾಯಕ್ಕೊಳಗಾಗಿ ಸತ್ತವರೇ ಅಲ್ಲಿ ಎಷ್ಟೋ ಕಡೆ ದೈವಗಳಾಗಿದ್ದಾರೆ. ಬಡವನಿಗೆ ಕೋರ್ಟು ಸಿಗದಿದ್ದಾಗ ಕೋಲವೇ ಕೋರ್ಟಾಯಿತು. ಈ ಸತ್ಯ ಕಾಂತಾರದಲ್ಲಿದೆ. ನಮ್ಮ ತಕರಾರು ಅದು ಅಲ್ಲಿಗೇ ನಿಂತದ್ದರ ಬಗ್ಗೆ.

ಯಾಕೆಂದರೆ ನಮ್ಮಲ್ಲಿ ಇಂದು ಕಾದಾಟ ನಡೆಯುತ್ತಿರುವುದು ಕಾಗದದ ಮೇಲೆ. ಉತ್ತರ ಕನ್ನಡದ ಮುಕ್ಕಾಲು ಪಾಲಿಗೂ ಹೆಚ್ಚು ನೆಲ ಕಾಡು. ಅಡಿಕೆ ತೋಟ ಇದ್ದವರಿಗೆ ಬ್ರಿಟಿಷರ ಕಾಲದಿಂದಲೇ ಸೊಪ್ಪಿನ ಬೆಟ್ಟದ ಸವಲತ್ತು ಇತ್ತು. ಆ ತೋಟಗಳಲ್ಲಿ ದುಡಿದವನು ಕಾಡಿನ ಬದಿಗೆ ಗುಡಿಸಲು ಕಟ್ಟಿ ಅರ್ಧ ಎಕರೆ ಗದ್ದೆ ಮಾಡಿದರೆ ಅವನಿಗೆ ಬಂದ ಹೆಸರು ಅತಿಕ್ರಮಣದಾರ. 2006ರ ಅರಣ್ಯ ಹಕ್ಕು ಕಾಯಿದೆ ಈ ಹೆಸರನ್ನು ಅಳಿಸಲೆಂದೇ ಬಂತು. ಅದರಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನ ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಲೆಕ್ಕ ಹಾಕಿದರೆ ಅದು ಹೋಗಿ ನಿಲ್ಲುವುದು 1930ಕ್ಕೆ! ಕರನಿರಾಕರಣೆಯ ಆ ದಿನಗಳಲ್ಲಿ ಜಮೀನಿದ್ದವನಿಗೆ ಕೊನೆಗೆ ಜಪ್ತಿಯ ಕಾಗದವಾದರೂ ಸಿಕ್ಕಿತು. ಕೂಲಿಯವನಿಗೆ ಯಾವ ಕಾಗದ ಸಿಕ್ಕೀತು?

ಯಲ್ಲಾಪುರದ ಸಿದ್ದಿಗಳು ಜಿಲ್ಲೆಯಲ್ಲಿ 2003ರಿಂದ ಪರಿಶಿಷ್ಟ ಪಂಗಡ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ, ಹಕ್ಕು ಮೂವರಿಗೂ ಒಂದೇ. ಆದರೆ ಅವರ ಪಕ್ಕದಲ್ಲೇ ಅದೇ ಕಾಡಿನಲ್ಲಿರುವ ಬೇರೆ ಬಡವನಿಗೆ, ಅವನು ಯಾವ ಜಾತಿ ಧರ್ಮದವನೇ ಇರಲಿ, ಮೂರು ತಲೆಮಾರಿನ ಹೊರೆ. 2019ರ ಫೆಬ್ರವರಿ 13ರಂದು ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಲು ಸುಪ್ರೀಂ ಕೋರ್ಟ್ ಹೇಳಿತು, 28ರಂದು ತಾನೇ ತಡೆ ಕೊಟ್ಟಿತು. ನಡುವಿನ ಆ ಹದಿನೈದು ದಿನ ಇಂಥ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಅಲ್ಲಿ ಖಳನಾಯಕ ಎಂದು ಬೆರಳು ತೋರಿಸಲು ಒಬ್ಬ ದೇವೇಂದ್ರನೂ ಇರಲಿಲ್ಲ.

ಕಾಂತಾರದ ಕಥೆ ನಡೆಯುವುದು 1990ರಲ್ಲಿ. ಆಗ ಈ ಕಾಯಿದೆ ಇರಲಿಲ್ಲ. ಅದು ಚಿತ್ರದಲ್ಲಿ ಯಾಕಿಲ್ಲ ಎಂದು ಕೇಳುವುದು ನ್ಯಾಯವಲ್ಲ. ಆದರೆ ಒಂದು ಸೋಜಿಗ ಗಮನಿಸಬೇಕು. ಈ ಕಾಯಿದೆಯ ನಿಯಮಗಳು ಯಾವುದನ್ನು ಸಾಕ್ಷಿ ಎನ್ನುತ್ತವೆ? ಹಳೆಯ ಬಾವಿಯನ್ನು, ಹೂಳುವ ಜಾಗವನ್ನು, ಪವಿತ್ರ ಸ್ಥಳವನ್ನು, ಊರ ಹಿರಿಯರ ಬರೆದುಕೊಂಡ ಹೇಳಿಕೆಯನ್ನು. ಅಂದರೆ ದೈವದ ಕಲ್ಲೂ, ಖಬರಸ್ತಾನದ ಕಲ್ಲೂ ಕಾನೂನಿನ ಕಣ್ಣಲ್ಲಿ ಪುರಾವೆ. ಅರಸನ ಮಾತಿಗೆ ಸಾಕ್ಷಿಯಾದ ಕಲ್ಲಿನಿಂದ ಶುರುವಾದ ಚಿತ್ರ, ಆ ಕಲ್ಲನ್ನೇ ಮುಂದಿಟ್ಟು ಊರು ಮಾತನಾಡುವ ಒಂದು ದೃಶ್ಯಕ್ಕೆ ತೀರಾ ಹತ್ತಿರ ಬಂದು ತಪ್ಪಿಸಿಕೊಂಡಿತು.

ಇನ್ನೊಂದು ಅವಕಾಶ ತಪ್ಪಿದ್ದು ಲೀಲಾಳ ಪಾತ್ರದಲ್ಲಿ. ಊರಿನ ಹುಡುಗಿ ಗಾರ್ಡ್ ಆಗುತ್ತಾಳೆ. ಬೇಲಿ ಹಾಕುವ ದಿನ ಸಮವಸ್ತ್ರದಲ್ಲಿ ತನ್ನವರ ಎದುರಿಗೆ ನಿಲ್ಲಬೇಕಾಗುತ್ತದೆ. ಇಡೀ ಚಿತ್ರದ ಅತ್ಯಂತ ಸಂಕಟದ ಜಾಗ ಅದು. ಆದರೆ ನಿರ್ದೇಶಕರಿಗೆ ಅವಳ ಸಂಕಟಕ್ಕಿಂತ ನಾಯಕ ಅವಳ ಸೊಂಟ ಚಿವುಟುವುದು ಮುಖ್ಯವಾಯಿತು. ಮಾವಿನಗುಂಡಿಯ ಹೆಂಗಸರನ್ನು ನೆನೆದರೆ ಇದು ಇನ್ನಷ್ಟು ಬೇಸರ ತರುತ್ತದೆ.

ಸಿನೆಮಾ ಬಿಟ್ಟಾಗ ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡಿದ್ದರು. ಬಸ್‌ಸ್ಟ್ಯಾಂಡಿನವರೆಗೆ ಬಂದ ಮೇಲೆ, 'ಎಲ್ಲ ಚೆಂದ ಇತ್ತು. ನಮ್ಮ ಫೈಲು ಎಲ್ಲಿದೆ ಅಂತ ನಾಳೆ ಒಮ್ಮೆ ಕೇಳಿ ಬರಬೇಕು' ಎಂದರು. ಶಿರಸಿಯ ಉಪವಿಭಾಗ ಕಚೇರಿಗೆ ಅವರು ಎಷ್ಟು ಸಲ ಹೋಗಿದ್ದಾರೋ ಅವರಿಗೇ ಲೆಕ್ಕವಿಲ್ಲ. ಕಾಂತಾರ ಅವರನ್ನು ಅಳಿಸಿತು, ಆ ಮಟ್ಟಿಗೆ ಅದು ದೊಡ್ಡ ಸಿನೆಮಾ. ಆದರೆ ಮರುದಿನ ಬೆಳಿಗ್ಗೆ ಕಡತ ಹಿಡಿದು ಹೊರಡುವ ಈ ಮನುಷ್ಯನ ಧೈರ್ಯ ಗುಳಿಗನ ಆರ್ಭಟಕ್ಕಿಂತ ಕಡಿಮೆಯದಲ್ಲ ಎಂದು ತೋರಿಸುವ ಚಿತ್ರಕ್ಕಾಗಿ ನಾವು ಇನ್ನೂ ಕಾಯಬೇಕಾಗಿದೆ.