ಯಂತ್ರಮಾನವನೂ ಮಾಡಿಸುವವರ ಹೊಣೆಯೂ

ಅಪಾಯಕರ ಸ್ಥಳಗಳಲ್ಲಿ ಮನುಷ್ಯನ ಬದಲು ದುಡಿಯುವ ಯಂತ್ರಮಾನವನ ಕುರಿತು ಉನ್ನತ ವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನೆಯನ್ನು ಅದರ ಚಾತುರ್ಯದಿಂದಲೇ ಅಳೆಯುವ ರೂಢಿಯಿದೆ. ಯಂತ್ರ ಎಷ್ಟು ಭಾರ ಎತ್ತುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಮೊದಲ ಪ್ರಶ್ನೆ. ಯಾರ ಜೀವ ಉಳಿಯಿತು, ಉಳಿದವನ ಜೀವನೋಪಾಯ ಏನಾಯಿತು ಎಂಬುದು ಕೊನೆಯ ಪ್ರಶ್ನೆ. ಈ ಕ್ರಮ ಬದಲಾಗಬೇಕು.

ರೋಣ, ನರಗುಂದ, ಗಜೇಂದ್ರಗಡಗಳಂತಹ ಊರುಗಳಲ್ಲಿ ಅಪಾಯವಿರುವುದು ಅಣುಸ್ಥಾವರದಲ್ಲಲ್ಲ, ಆಳದ ಗಣಿಯಲ್ಲಲ್ಲ. ಮನೆಯ ಹಿತ್ತಲಿನ ಮಲಗುಂಡಿಯಲ್ಲಿ. ಎರೆಮಣ್ಣಿನಲ್ಲಿ ನೀರು ಬೇಗ ಇಂಗದು, ಗುಂಡಿ ತುಂಬುತ್ತದೆ. ಸಕ್ಕಿಂಗ್ ಮಷಿನ್ ತಿಳಿಯಾದುದನ್ನು ಹೀರುತ್ತದೆ, ತಳದಲ್ಲಿ ಗಟ್ಟಿಗೊಂಡ ಕೆಸರು ಉಳಿಯುತ್ತದೆ. ಅದನ್ನು ತೆಗೆಯಲು ಮನುಷ್ಯನನ್ನು ಇಳಿಸಿದಾಗ ಅನಾಹುತ ಸಂಭವಿಸುತ್ತದೆ. ಒಳಗೆ ಆಮ್ಲಜನಕ ಕಡಿಮೆ. ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಘ್ರಾಣಶಕ್ತಿಯನ್ನೇ ಕುಂದಿಸುತ್ತದೆ. ದುರ್ವಾಸನೆ ಇಲ್ಲವೆಂದು ನಂಬಿ ಇಳಿದವನು ಮೇಲೇಳುವುದಿಲ್ಲ. ಎಷ್ಟೋ ಸಲ ಅವನನ್ನು ಎತ್ತಲು ಹೋದವನೂ ಮರಳುವುದಿಲ್ಲ.

ಮದ್ರಾಸಿನ ಐಐಟಿಯಲ್ಲಿ ಪ್ರಾಧ್ಯಾಪಕ ಪ್ರಭು ರಾಜಗೋಪಾಲರ ತಂಡ ರೂಪಿಸಿದ ‘ಹೋಮೋಸೆಪ್’ ಈ ಕೆಸರಿಗೇ ಉತ್ತರ. ಗುಂಡಿಯ ಕಿರುಬಾಯಿಯಿಂದ ಇಳಿದ ದಂಡದ ತುದಿಯಲ್ಲಿ ಅಲಗುಗಳು ಕೊಡೆಯಂತೆ ಬಿಚ್ಚಿಕೊಂಡು ಕೆಸರನ್ನು ಕಲಕುತ್ತವೆ. ಬಳಿಕ ಅದನ್ನು ಹೀರಿ ತೆಗೆಯಬಹುದು. 2022ರಲ್ಲಿ ತಮಿಳುನಾಡಿನಲ್ಲಿ ಇದರ ಮೊದಲ ಯಂತ್ರಗಳು ಸ್ವಸಹಾಯ ಸಂಘಗಳ ಕೈ ಸೇರಿದವು. ಆ ಸಂಘಗಳ ಮುಂದಾಳುಗಳು ಇದೇ ಕೆಲಸದಲ್ಲಿ ಪತಿಯನ್ನು ಕಳೆದುಕೊಂಡ ಮಹಿಳೆಯರು. ಸಂಶೋಧನೆಯ ನಿಜವಾದ ಹಿರಿಮೆ ಅಲಗಿನಲ್ಲಿಲ್ಲ, ಈ ಹಸ್ತಾಂತರದಲ್ಲಿದೆ. ಯಂತ್ರವು ಗುತ್ತಿಗೆದಾರನ ಸೊತ್ತಾಗಿದ್ದರೆ ಕೂಲಿಯವನ ಜೀವ ಉಳಿದು ಅನ್ನ ಹೋಗುತ್ತಿತ್ತು.

ಆದರೆ ಇಲ್ಲೊಂದು ಆತ್ಮವಂಚನೆಗೂ ಎಡೆಯಿದೆ. ಯಂತ್ರ ಇನ್ನೂ ನಮ್ಮೂರಿಗೆ ಬಂದಿಲ್ಲ, ಅದುವರೆಗೆ ಬೇರೆ ದಾರಿಯಿಲ್ಲ ಎಂಬ ಮಾತು ಅದು. ಸುರಕ್ಷತೆಯ ಸಾಧನಗಳಿಲ್ಲದೆ ಮಲಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮೊದಲ ಅಪರಾಧಕ್ಕೇ 2 ವರ್ಷದವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು. ಚರಂಡಿ ಸಾವಿಗೆ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಗೊತ್ತುಪಡಿಸಿದ ಪರಿಹಾರ 10 ಲಕ್ಷ ರೂಪಾಯಿ. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿತು, ಸಾವು ನಿಲ್ಲಲಿಲ್ಲ. ಕಾಯಿದೆಯು ಯಂತ್ರಕ್ಕಾಗಿ ಕಾದು ಕುಳಿತಿಲ್ಲ. ಕಾಯುತ್ತಿರುವುದು ಮನೆಯ ಯಜಮಾನನ ಮನಸ್ಸು.

ಹಿಂಸೆಗೆ ಮೂರು ಮುಖಗಳುಂಟು: ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು. ಗುಂಡಿಯ ವಿಚಾರದಲ್ಲಿ ಮಾಡುವವನೇ ಬಲಿಯಾಗುತ್ತಾನೆ. ಹಣ ಕೊಟ್ಟು ಇಳಿಸುವವನು ಮಾಡಿಸುವವನು. ಕಂಡೂ ಸುಮ್ಮನಿರುವ ಓಣಿ ಅನುಮೋದಿಸುವುದು. ಯಂತ್ರವು ಮೊದಲನೆಯವನನ್ನು ಮಾತ್ರ ಬಿಡಿಸಬಲ್ಲದು. ಉಳಿದಿಬ್ಬರ ಹೊಣೆಯನ್ನು ಯಾವ ಪ್ರಯೋಗಾಲಯವೂ ಹೊರಲಾರದು.

ನೆರೆಯ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈಯಲ್ಲಿ ಭಂಗಿ ಸಮುದಾಯದವರು ತಮ್ಮ ನೆಲೆ ತಪ್ಪಿಸುವ ಯತ್ನದ ವಿರುದ್ಧ ಪುರಸಭೆಯೆದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಅವರು ಕೇಳಿದ್ದು ಯಂತ್ರವನ್ನಲ್ಲ, ನೆರೆಹೊರೆಯಲ್ಲಿ ನಿಲ್ಲುವ ಹಕ್ಕನ್ನು. ಆ ಹಕ್ಕು ದೊರೆಯದಿದ್ದರೆ ಗುಂಡಿಯಿಂದ ಮೇಲೆ ಬಂದವನೂ ಊರಿನ ಹೊರಗೇ ಉಳಿಯುತ್ತಾನೆ.

ಆದುದರಿಂದ ಇಂತಹ ಸಂಶೋಧನೆ ಸ್ತುತ್ಯವೇ ಹೌದು, ಪೂರ್ಣವಲ್ಲ. ಕಿರಿದಾದ ಓಣಿಗೆ ಹೋಗುವಷ್ಟು ಚಿಕ್ಕದಾಗಿ, ಪುರಸಭೆಗೆ ಎಟುಕುವಷ್ಟು ಅಗ್ಗವಾಗಿ, ಹಿಂದೆ ಗುಂಡಿಗಿಳಿದವನ ಸ್ವಾಮ್ಯದಲ್ಲಿ ಯಂತ್ರ ಬರಲಿ. ಅದು ಬರುವವರೆಗೆ ಮಾಡಬೇಕಾದ ಕೆಲಸ ಚಿಕ್ಕದು: ಹಿತ್ತಲಿನ ಗುಂಡಿ ತುಂಬಿದ ದಿನ ಮನುಷ್ಯನನ್ನು ಇಳಿಸೆನೆಂಬ ನಿಶ್ಚಯ. ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ.